ಬಾವಿಕಟ್ಟೆಯ ಮೇಲಿಟ್ಟ ಚಾಕು

ಕೇಳಿದರೆ ಕೊಟ್ಟುಬಿಡುತ್ತೇನೆ. ಆದರೆ ಯಾರೂ ಕೇಳುತ್ತಿಲ್ಲವಲ್ಲ, ಯಾಕೆ? ಅಣ್ಣ ಕೇಳಬೇಕಿತ್ತು, ಇಲ್ಲವೇ ತಮ್ಮನಾದರೂ ಕೇಳಬೇಕಿತ್ತು. ನಾನಾಗಿ ಹೋಗಿ ಕೊಟ್ಟರೆ, ಇಷ್ಟು ದಿನ ಎಲ್ಲಿಟ್ಟಿದ್ದೆ ಎಂದು ಕೇಳುವುದಿಲ್ಲವೆ? ಆಗ ಏನು ಹೇಳುವುದು?

ರಾಚಪ್ಪ ಈ ಮಾತುಗಳನ್ನು ಹೊರಳಿಸಿ ಮರಳಿಸಿ ಪಿಸುಗುಡುತ್ತಿದ್ದಾಗ ನಾನು ಅವನ ಅಂಗಿಯ ಎದೆಕಿಸೆಯಲ್ಲಿದ್ದೆ. ಮನಸ್ಸಿನಲ್ಲಿದ್ದದ್ದನ್ನು ತುಟಿಯಂಚಿನಲ್ಲಿ ಆಡಿಕೊಳ್ಳುವುದು ಅವನ ಅಭ್ಯಾಸ. ಎದುರಿಗಿದ್ದವರಿಗೆ ಅದು ಕೇಳಿಸುವುದಿಲ್ಲ. ಕಿಸೆಯಲ್ಲಿದ್ದ ನನಗೆ ಕೇಳಿಸುತ್ತದೆ. ಆ ಮನುಷ್ಯನನ್ನು ನಾನು ಅರಿತದ್ದೆಲ್ಲ ಹೀಗೆಯೇ.

ನಾನು ಒಂದು ಮಡಚುವ ಚಾಕು. ಮಾವಿನ ಸಸಿಗೆ ಕಸಿ ಕಟ್ಟುವವರ ಚಾಕು. ಅಂಗೈಯಷ್ಟು ಉದ್ದ, ಒಂದೇ ಅಲಗು. ಹುಟ್ಟಿದ್ದು ಧಾರವಾಡದ ಕಡೆಯ ಒಂದು ಹಳ್ಳಿಯಲ್ಲಿ, ಕಂಬಾರ ವೀರಭದ್ರಪ್ಪನ ಕುಲುಮೆಯಲ್ಲಿ. ಅದಕ್ಕೂ ಮೊದಲು ನಾನು ಒಂದು ಅರವಾಗಿದ್ದೆ. ಹಲ್ಲು ಸವೆದು, ಯಾವುದನ್ನೂ ಉಜ್ಜಲಾರದೆ ಮೂಲೆಗೆ ಬಿದ್ದಿದ್ದೆ. ವೀರಭದ್ರಪ್ಪ ನನ್ನನ್ನು ಕೆಂಡದಲ್ಲಿ ಹೂತು, ಬಡಿದು, ತೆಳ್ಳಗೆ ಮಾಡಿ, ಎಣ್ಣೆಯಲ್ಲಿ ಅದ್ದಿದ. ಎಮ್ಮೆಯ ಕೊಂಬಿನ ಹಿಡಿ ಹಾಕಿದ. ಅಲಗಿನ ಬುಡದಲ್ಲಿ ತನ್ನ ಗುರುತಾಗಿ ಮೂರು ಚುಕ್ಕಿ ಹೊಡೆದ. ಅಲಗನ್ನು ತಡೆದು ನಿಲ್ಲಿಸುವ ಒಳಗಿನ ಉಕ್ಕಿನ ಪಟ್ಟಿಗೆ ಮಾತ್ರ ಬಹಳ ಹೊತ್ತು ಹೆಣಗಿದ. ತೆರೆದಾಗ ‘ಟಕ್’ ಎಂದು ನಿಲ್ಲಬೇಕು, ಕೊಯ್ಯುವಾಗ ಅಲುಗಬಾರದು.

ನನ್ನನ್ನು ಮಾಡಿಸಿದವನು ಚಂದ್ರಾಮಪ್ಪ. ಮಾವಿನ ತೋಟಗಳಲ್ಲಿ ಕಸಿ ಕಟ್ಟಿ ಬದುಕಿದವನು. ಗೊರಟದಿಂದ ಎದ್ದ ಸಸಿ ಮುಂದೆ ಎಂಥ ಹಣ್ಣು ಬಿಡುತ್ತದೋ ಯಾರೂ ಹೇಳಲಾರರು. ಹಾಗಾಗಿ ಸಸಿಯ ತಲೆ ಕೊಯ್ದು, ಕಾಂಡ ಸೀಳಿ, ಒಳ್ಳೆಯ ಆಪೂಸ್ ಮರದ ಕುಡಿಯನ್ನು ಬೆಣೆಯ ಹಾಗೆ ಕೆತ್ತಿ ಆ ಸೀಳಿನಲ್ಲಿ ಕೂರಿಸಬೇಕು. ಆಮೇಲೆ ಪಟ್ಟಿ ಸುತ್ತಿ ಬಿಗಿಯಾಗಿ ಕಟ್ಟಬೇಕು. ಎರಡು ಗಾಯಗಳು ಒಂದಕ್ಕೊಂದು ತಾಗಿಕೊಂಡು ಕೂತರೆ ಒಂದೇ ಗಿಡವಾಗುತ್ತವೆ. ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಕುಡಿ ಒಣಗುತ್ತದೆ. ಚಂದ್ರಾಮಪ್ಪನ ಕೈಯಲ್ಲಿ ಸಂದು ಉಳಿಯುತ್ತಿರಲಿಲ್ಲ. ಅವನು ನನ್ನಿಂದ ಉಳ್ಳಾಗಡ್ಡಿ ಹೆಚ್ಚಲಿಲ್ಲ, ನಿಂಬೆ ಕೊಯ್ಯಲಿಲ್ಲ. ಮೊದಲ ಸಸಿಗೆ ಇಡುವ ಮುನ್ನ ನನ್ನನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದ.

ಅವನಿಗೆ ಇಬ್ಬರು ಮಕ್ಕಳು, ದ್ಯಾಮಣ್ಣ ಮತ್ತು ಗುರುಸಿದ್ಧ. ಮುಪ್ಪು ಬಂದಾಗ ಒಂದು ಬೆಳಿಗ್ಗೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನನ್ನನ್ನು ಹೊರತೆಗೆದ. ದ್ಯಾಮಣ್ಣ ಕೈ ಚಾಚಿದ. ಚಂದ್ರಾಮಪ್ಪ ಆ ಕೈಯನ್ನು ಹಿಂದಕ್ಕೆ ತಳ್ಳಿದ.

“ಲೇ, ಚಾಕು ಕೈಯಾಗ ಕೊಡ್ತಾರೇನ? ಕೊಟ್ಟವಗೂ ತಗೊಂಡವಗೂ ಜಗಳ ಹತ್ತತೈತಿ. ನೆಲಕ್ಕ ಇಡತೀನಿ, ನೆಲದವ್ವನ ಕೈಲಿಂದ ತಗೋ.”

“ನಿಮ್ಮ ಕೂಡ ಜಗಳಾಡಾಕ ಇನ್ನ ಏನ ಉಳದೈತಪ್ಪಾ?” ಎಂದು ಗುರುಸಿದ್ಧ ನಕ್ಕ.

“ನಿಮ್ಮವ್ವನ್ನ ಕೇಳು, ಇನ್ನ ಒಂದು ಹೊಲದಷ್ಟು ಉಳದೈತಿ” ಎಂದ ಮುದುಕ.

ನನ್ನನ್ನು ನೆಲದ ಮೇಲಿಟ್ಟ. ದ್ಯಾಮಣ್ಣ ಎತ್ತಿಕೊಂಡು ಅಪ್ಪನ ಪಾದ ಮುಟ್ಟಿದ. ಆ ಮನೆಯಲ್ಲಿ ನಾನು ಕೈ ಬದಲಿಸಿದ್ದು ಹಾಗೆ, ಸುಸೂತ್ರವಾಗಿ.

ದ್ಯಾಮಣ್ಣನ ಜೊತೆ ಬಹಳ ಮುಂಗಾರುಗಳನ್ನು ಕಂಡೆ. ಅಣ್ಣತಮ್ಮಂದಿರು ಒಂದು ದೊಡ್ಡ ತೋಟದಲ್ಲಿ ಕಸಿ ಕಟ್ಟುತ್ತಿದ್ದರು. ಅಣ್ಣನ ಕೈಯಲ್ಲಿ ನಾನು, ತಮ್ಮನ ಕೈಯಲ್ಲಿ ಪೇಟೆಯಿಂದ ತಂದ ಚಾಕು. ಇಬ್ಬರಿಗೂ ಹಿಂದೆ ಕೂತು ಪಟ್ಟಿ ಸುತ್ತುತ್ತಿದ್ದವನು ರಾಚಪ್ಪ. ಅವರಿಗಿಂತ ತುಸು ಚಿಕ್ಕವನು, ಅದೇ ಓಣಿಯವನು, ಮದುವೆಯಾದವನು. ಅವನು ಕಟ್ಟಿದ ಪಟ್ಟಿ ಎಂದೂ ಸಡಿಲಾಗಿದ್ದಿಲ್ಲ. ಆದರೆ ಕೊಯ್ಯುವ ಕೆಲಸ ಅವನಿಗೆ ಯಾರೂ ಕೊಟ್ಟಿರಲಿಲ್ಲ. ದ್ಯಾಮಣ್ಣ ಕುಡಿ ಕೆತ್ತುವಾಗ ರಾಚಪ್ಪ ಪಟ್ಟಿಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದ. ಆ ನೋಟ ನನಗೆ ತಿಳಿಯುತ್ತಿತ್ತು. ಅದರಲ್ಲಿ ಕಳ್ಳತನವಿರಲಿಲ್ಲ, ಹಸಿವಿತ್ತು, ಅಷ್ಟೇ.

ಒಂದು ವರ್ಷ ದ್ಯಾಮಣ್ಣನ ಕೈ ನಡುಗಲು ಶುರುವಾಯಿತು. ಅವನ ಬೆರಳುಗಳ ನಡುವೆ ಇದ್ದ ನನಗೆ ಅದು ಎಲ್ಲರಿಗಿಂತ ಮೊದಲು ತಿಳಿಯಿತು. ಕುಡಿಯ ಬೆಣೆ ಸಪಾಟಾಗದೆ ಅಲೆಅಲೆಯಾಗುತ್ತಿತ್ತು. ಅವನು ಕಟ್ಟಿಸಿದ ಸಾಲಿನಲ್ಲಿ ಕುಡಿಗಳು ಒಣಗತೊಡಗಿದವು. ಒಂದು ಬೆಳಿಗ್ಗೆ ತೋಟದ ಮಾಲಕರು ಆ ಸಾಲಿನ ಮುಂದೆ ಸುಮ್ಮನೆ ನಿಂತುಕೊಂಡರು. ಅವರು ಏನೂ ಹೇಳಲಿಲ್ಲ. ಹೇಳಿದ್ದು ಗುರುಸಿದ್ಧ, ಕೆಲಸದವರೆಲ್ಲ ಇರುವಾಗಲೇ.

“ಅಣ್ಣಾ, ನಿನ್ನ ಕೈ ನಡಗತಾವು. ಸಸಿ ಯಾಕ ಕೊಲ್ತಿ? ಇನ್ನ ಬಿಡು.”

ದ್ಯಾಮಣ್ಣನ ಮುಷ್ಟಿ ನನ್ನ ಮೇಲೆ ಬಿಗಿಯಿತು. ಮಧ್ಯಾಹ್ನದವರೆಗೆ ಅಣ್ಣತಮ್ಮಂದಿರು ಮಾತಾಡಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಬಾವಿಯ ಕಡೆ ನಡೆದರು. ಗುರುಸಿದ್ಧ ಕಾಲು ತೊಳೆಯುತ್ತಿದ್ದ. ದ್ಯಾಮಣ್ಣ ನನ್ನನ್ನು ಧೋತರದ ಅಂಚಿನಿಂದ ಒರೆಸಿದ, ಮಡಚಿದ, ಹಣೆಗೆ ಮುಟ್ಟಿಸಿಕೊಂಡ. ಆಮೇಲೆ ತಮ್ಮನ ಎದುರಿಗೆ, ಬಾವಿಕಟ್ಟೆಯ ಮೇಲೆ ಇಟ್ಟ. ಒಂದು ಗಳಿಗೆ ತಮ್ಮನ ಮುಖ ನೋಡಿದ. ಒಂದೂ ಮಾತಿಲ್ಲದೆ ಮನೆಯ ದಾರಿ ಹಿಡಿದ.

ಗುರುಸಿದ್ಧ ನನ್ನನ್ನು ನೋಡಿದ. ಅವನ ಕಣ್ಣು ತುಂಬಿದ್ದನ್ನು ನಾನು ಕಂಡಿದ್ದೇನೆ. ಕೈ ಚಾಚಿದ, ಹಿಂದಕ್ಕೆಳೆದುಕೊಂಡ. ಮುಂಜಾನೆ ಅಷ್ಟು ಮಂದಿಯ ಮುಂದೆ ಆಡಬಾರದ್ದು ಆಡಿ, ಈಗ ಇದನ್ನು ಲಪಕ್ಕನೆ ಎತ್ತಿಕೊಂಡರೆ ನೋಡಿದವರು ಏನಂದಾರು ಎಂದು ಅನ್ನಿಸಿರಬೇಕು. ರೊಟ್ಟಿ ತಿಂದು ಬಂದು, ಸಮಾಧಾನದಿಂದ ಎತ್ತಿಕೊಂಡು, ಸಂಜೆ ಅಣ್ಣನ ಕಾಲು ಹಿಡಿದರಾಯಿತು. ಅವನು ಮರದ ನೆರಳಿಗೆ ಹೋದ.

ಆಗ ಕೊಡ ಹಿಡಿದು ರಾಚಪ್ಪ ಬಂದ. ನನ್ನನ್ನು ಕಂಡು ನಿಂತ. ಮುಂಜಾನೆಯ ಸಿಟ್ಟಿನಲ್ಲಿ ದ್ಯಾಮಣ್ಣ ಮರೆತು ಹೋಗಿದ್ದಾನೆ ಎಂದುಕೊಂಡ. “ಸಂಜೀಕ ಕೊಡೋಣ” ಎಂದು ಪಿಸುಗುಟ್ಟಿದ. ನನ್ನನ್ನು ಎತ್ತಿ ಎದೆಕಿಸೆಗೆ ಹಾಕಿಕೊಂಡ. ಅವನ ಎದೆ ಡವಗುಟ್ಟುತ್ತಿತ್ತು. ಮರೆತು ಹೋದ ಚಾಕುವನ್ನು ಎತ್ತಿಡುವವನ ಎದೆ ಹಾಗೆ ಬಡಿದುಕೊಳ್ಳಬೇಕಾಗಿರಲಿಲ್ಲ.

ಊಟ ಮುಗಿಸಿ ಬಂದ ಗುರುಸಿದ್ಧನಿಗೆ ಕಟ್ಟೆ ಬರಿದಾಗಿ ಕಂಡಿತು. ಅವನು ಕಲ್ಲನ್ನೇ ನೋಡುತ್ತ ನಿಂತ. ಮುಖ ಕಪ್ಪಿಟ್ಟಿತು. ತನ್ನ ಪೇಟೆ ಚಾಕುವನ್ನೇ ತೆಗೆದು ಕೆಲಸಕ್ಕೆ ಕೂತ. ರಾಚಪ್ಪ, “ಗುರುಸಿದ್ಧಣ್ಣಾ” ಎಂದು ಬಾಯಿ ತೆರೆದ. “ಸುಮ್ಮ ಪಟ್ಟಿ ಸುತ್ತೋ” ಎಂದು ಗುರುಸಿದ್ಧ ಗದರಿದ. ರಾಚಪ್ಪ ಸುಮ್ಮನೆ ಪಟ್ಟಿ ಸುತ್ತಿದ.

ಮರುದಿನ ದ್ಯಾಮಣ್ಣ ತೋಟದ ಬೇಲಿಯವರೆಗೆ ಬಂದ. ತಮ್ಮನ ಕೈಯಲ್ಲಿ ಪೇಟೆ ಚಾಕು ಹೊಳೆಯುವುದನ್ನು ಕಂಡ. ಅಲ್ಲಿಂದಲೇ ತಿರುಗಿದ. ಹೋಗುವಾಗ ರಾಚಪ್ಪನಿಗೆ ಕೇಳುವ ಹಾಗೆ, “ಇಟ್ಟದ್ದು ತಗೊಂಡ. ಒಂದು ಮಾತಿಲ್ಲ, ಕತಿಯಿಲ್ಲ” ಎಂದ. ಅದು ಏನೆಂದು ರಾಚಪ್ಪನಿಗೆ ತಿಳಿಯಲಿಲ್ಲ. ನಾನು ಅವನ ಕಿಸೆಯಲ್ಲೇ ಇದ್ದೆ, ನನಗೆ ತಿಳಿಯಿತು: ತಮ್ಮ ನನ್ನನ್ನು ತೆಗೆದುಕೊಂಡೂ ಬಳಸದೆ ಎತ್ತಿಟ್ಟಿದ್ದಾನೆ ಎಂದು ದ್ಯಾಮಣ್ಣ ತಿಳಿದಿದ್ದ. ಆದರೆ ಚಾಕುವಿಗೆ ಬಾಯಿಲ್ಲ. ಇರುವ ಒಂದು ಅಲಗೂ ಮಡಚಿಕೊಂಡಿತ್ತು.

ಹೀಗೆ ನಾನು ರಾಚಪ್ಪನಿಗೆ ‘ಸಿಕ್ಕ’ ಚಾಕು ಆದೆ. ಕೇಳಿದರೆ ಕೊಡುತ್ತೇನೆ ಎನ್ನುತ್ತಲೇ ಅವನು ನನ್ನ ಸೇವೆಗೆ ನಿಂತ. ಬಿಡುವಿದ್ದಾಗಲೆಲ್ಲ ಪಡಸಾಲೆಯಲ್ಲಿ ಕೂತು ಸಾಣೆಕಲ್ಲಿಗೆ ನೀರು ಚಿಮುಕಿಸಿ, ಮಗುವಿನ ಬೆನ್ನು ಸವರಿದಂತೆ ನನ್ನನ್ನು ಸವರುತ್ತಿದ್ದ. ಹಳೆಯ ಚಪ್ಪಲಿಯ ತೊಗಲಿನ ಮೇಲೆ ಅತ್ತಿತ್ತ ಎಳೆದು ಮೊನಚು ಕೂರಿಸುತ್ತಿದ್ದ. ಅಲಗು ಮಡಚುವ ಸಂದಿಗೆ ಕೊಬ್ಬರಿ ಎಣ್ಣೆಯ ಹನಿ ಬಿಡುತ್ತಿದ್ದ. ಅವನ ಹೆಂಡತಿ ನಿಂಬೆವ್ವ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

“ನನ್ನ ತಲಿಗೆ ಒಂದು ದಿನಾ ಇಷ್ಟು ಪ್ರೀತಿಲೆ ಎಣ್ಣಿ ಹಚ್ಚಲಿಲ್ಲ ನೀವು.”

“ನಿನ್ನ ತಲಿ ಹರಿತ ಐತಿ, ಎಣ್ಣಿ ಬ್ಯಾಡ ಅದಕ್ಕ.”

“ಮಾತು ಮರಸಬ್ಯಾಡ್ರಿ. ಎಲ್ಲಿಂದ ಬಂತಿದು?”

“ಸಿಕ್ತು.”

“ಸಿಕ್ಕಿದ್ದೆಲ್ಲಾ ನಮ್ಮದಾಕ್ಕೈತೇನ್ರಿ? ಯಾರೋ ಕಳಕೊಂಡವರು ಇರತಾರಲ್ಲ.”

“ಯಾರೂ ಕೇಳಿಲ್ಲ” ಎಂದ ರಾಚಪ್ಪ. ನಿಂಬೆವ್ವ ಒಳಗೆ ಹೋದಳು. ಒಳಗೆ ಪಾತ್ರೆಗಳು ಎಂದಿಗಿಂತ ಜೋರಾಗಿ ಸದ್ದು ಮಾಡಿದವು.

ಹಿತ್ತಲಲ್ಲಿ ಅವನೇ ಗೊರಟ ಊರಿ ಬೆಳೆಸಿದ ಒಂದು ಸಸಿಯಿತ್ತು. ಒಂದು ಬೆಳಿಗ್ಗೆ ಅದರ ಮುಂದೆ ಕೂತು ನನ್ನನ್ನು ತೆರೆದ. ಹಣೆಗೆ ಮುಟ್ಟಿಸಿಕೊಳ್ಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಆದರೆ ಕೊಯ್ತ ಮಾತ್ರ ಒಂದೇ ಎಳೆತಕ್ಕೆ, ಕನ್ನಡಿಯಷ್ಟು ಸಪಾಟು. ಇಷ್ಟು ವರ್ಷ ಅವನು ನೋಡಿ ನೋಡಿಯೇ ಕಲಿತಿದ್ದ. ಕೆಲವು ವಾರಗಳಲ್ಲಿ ಕುಡಿಯ ತುದಿಯಲ್ಲಿ ತಾಮ್ರದ ಬಣ್ಣದ ಎಲೆ ಒಡೆಯಿತು. ರಾಚಪ್ಪ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅತ್ತ. ಸಂತೋಷಕ್ಕೋ ಭಯಕ್ಕೋ, ಪಿಸುಗುಟ್ಟಲಿಲ್ಲವಾದ್ದರಿಂದ ನನಗೆ ತಿಳಿಯಲಿಲ್ಲ.

ಅವನಿಗೆ ನಿಜ ಗೊತ್ತಾದದ್ದು ಚಾದಂಗಡಿಯಲ್ಲಿ. ದ್ಯಾಮಣ್ಣನ ಮಗಳ ಮದುವೆ ಹತ್ತಿರ ಬಂದಿತ್ತು. ಯಾರೋ ಗುರುಸಿದ್ಧನನ್ನು ಕೆಣಕಿದರು.

“ಏನೋ ಕಾಕಾ, ಅಣ್ಣನ ಮಗಳ ಮದವಿ, ಮೊದಲನೇ ಪಂಕ್ತಿ ನಿಂದನ ಹೌದಿಲ್ಲೋ?”

“ಅಂವ ಕೊಟ್ಟಂಗ ಮಾಡಿ ಕಸಗೊಳ್ಳಾಂವ” ಎಂದ ಗುರುಸಿದ್ಧ. “ಅಪ್ಪನ ಚಾಕು ಬಾವಿಕಟ್ಟಿ ಮ್ಯಾಲ ಇಟ್ಟ. ನನಗಂತನ ಇಟ್ಟ. ನಾ ಉಂಡು ಬರೂದರಾಗ ಮನಸ್ಸು ತಿರುಗಿ ಹಿಂದಕ್ಕ ತಗೊಂಡ ಹೋದ. ಇನ್ನ ಅಲ್ಲಿ ಊಟಕ್ಕ ಕುಂತ್ರ ಮುಂದಿನ ಎಲಿನೂ ಎಳಕೊಂಡಾನು.”

ಎಲ್ಲರೂ ನಕ್ಕರು. ರಾಚಪ್ಪನ ಕೈಯಲ್ಲಿದ್ದ ಗಾಜಿನ ಲೋಟ ತುಳುಕಿ ನನ್ನ ಮೇಲೆ ಚಹ ಬಿತ್ತು. ಬೇಲಿಯ ಬಳಿ ದ್ಯಾಮಣ್ಣ ಆಡಿದ ಮಾತೂ ಈ ಮಾತೂ ಅವನ ತಲೆಯಲ್ಲಿ ಅಂದೇ ಕೂಡಿಕೊಂಡವು. ಒಬ್ಬ ಕೊಟ್ಟಿದ್ದಾನೆ, ಇನ್ನೊಬ್ಬ ಪಡೆದಿಲ್ಲ, ನಡುವೆ ತನ್ನ ಕಿಸೆ. ಕೇಳದೆ ಇದ್ದದ್ದಕ್ಕೆ ಇದೇ ಕಾರಣ. ಇಬ್ಬರೂ ತನ್ನನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ.

ಅವನು ಎದ್ದು ನೇರ ದ್ಯಾಮಣ್ಣನ ಮನೆಯ ಕಡೆ ನಡೆದ. ಅಂಗಳದಲ್ಲಿ ಹಂದರ ಹಾಕುತ್ತಿದ್ದರು. ಮದುವೆಯ ಮನೆಯಲ್ಲಿ ಚಾಕುವಿನ ಮಾತು ಯಾಕೆ, ಅಕ್ಕಿಕಾಳು ಬೀಳಲಿ, ಆಮೇಲೆ ಹೇಳೋಣ ಎಂದು ತಿರುಗಿದ. ಮದುವೆಗೆ ಗುರುಸಿದ್ಧ ಹೋಗಲಿಲ್ಲ. ಆಮೇಲೆ ಮಾಲಕರು ಹಿತ್ತಲಿನ ಸಸಿಯ ಸುದ್ದಿ ಕೇಳಿ ರಾಚಪ್ಪನನ್ನು ಕರೆದು, ದ್ಯಾಮಣ್ಣನ ಸಾಲನ್ನು ಅವನಿಗೆ ಒಪ್ಪಿಸಿದರು. ಈ ಹಂಗಾಮು ಮುಗಿಯಲಿ, ಆಮೇಲೆ. ಮರುವರ್ಷ ನಿಂಬೆವ್ವನ ಬಾಣಂತನ. ಆಮೇಲೆ. ಗುರುಸಿದ್ಧ ಬೇರೆ ತೋಟ ಸೇರಿದ; ಅಲ್ಲಿಯವರೆಗೆ ತೋಟದಲ್ಲಿ ಪೇಟೆ ಚಾಕು ಹಿಡಿದಿದ್ದ ರಾಚಪ್ಪ ಆಮೇಲೆಯೇ ನನ್ನನ್ನು ಹೊರತೆಗೆದ. ಊರವರು ರಾಚಪ್ಪನನ್ನು ‘ಕಸಿ ರಾಚಪ್ಪ’ ಎನ್ನತೊಡಗಿದರು. ಆ ಹೆಸರು ಕೇಳಿದಾಗಲೆಲ್ಲ ಅವನ ಕೈ ಕಿಸೆಗೆ ಹೋಗುತ್ತಿತ್ತು, ಯಾರೋ ಒಳಗಿರುವುದನ್ನು ನೋಡಿಬಿಟ್ಟರೇನೋ ಎಂಬಂತೆ.

ವರ್ಷಗಳು ಹೋದಂತೆ ನಾನೂ ಬದಲಾದೆ. ಕೊಂಬಿನ ಹಿಡಿಯನ್ನು ಹುಳ ತಿಂದಿತು. ರಾಚಪ್ಪ ಹುಣಸೆಮರದ ಗಟ್ಟಿ ಚೇಗಿನಿಂದ ಹೊಸ ಹಿಡಿ ಕೆತ್ತಿ ಕೂರಿಸಿದ. ಅಲಗಿನ ಬುಡಕ್ಕೆ ತುಕ್ಕು ಹತ್ತಿತು. ಇಟ್ಟಂಗಿ ಪುಡಿಯಿಂದ ಉಜ್ಜಿದ. ತುಕ್ಕು ಹೋಯಿತು, ಅದರ ಜೊತೆ ವೀರಭದ್ರಪ್ಪನ ಮೂರು ಚುಕ್ಕಿಗಳೂ ಹೋದವು. ತುಕ್ಕು ಹೋದ ಮೇಲೂ ಅವನು ಇನ್ನೊಂದಿಷ್ಟು ಉಜ್ಜಿದ. ಬೇಕೆಂದೇ ಉಜ್ಜಿದನೆ? ನನಗೂ ಗೊತ್ತಿಲ್ಲ, ಬಹುಶಃ ಅವನಿಗೂ ಇಲ್ಲ. ನನ್ನನ್ನು ಅಷ್ಟು ಜೋಪಾನ ಮಾಡಿದವರು ಯಾರೂ ಇಲ್ಲ. ಆದರೆ ಒಂದೊಂದು ಜೋಪಾನಕ್ಕೂ ನಾನು ಚಂದ್ರಾಮಪ್ಪನ ಮನೆಯಿಂದ ಒಂದೊಂದು ಹೆಜ್ಜೆ ದೂರವಾಗುತ್ತಿದ್ದೆ.

ಕೊನೆಗೆ ದ್ಯಾಮಣ್ಣ ಹಾಸಿಗೆ ಹಿಡಿದ. ಕಣ್ಣು ಪೂರಾ ಮಂಜಾಗಿತ್ತು. ಮಾವಿನ ಸುಗ್ಗಿಯಲ್ಲಿ ರಾಚಪ್ಪ ಒಂದು ಕೈಚೀಲದಲ್ಲಿ ಹಣ್ಣು ಹಿಡಿದು ಹೊರಟ. ದಾರಿಯುದ್ದಕ್ಕೂ ಒಂದೇ ಪಿಸುಮಾತು: ಹೇಳಿಬಿಡತೀನಿ, ಇವತ್ತು ಹೇಳಿಬಿಡತೀನಿ.

“ಯಾರು, ರಾಚ್ಯಾ ಏನ? ಹೆಜ್ಜಿ ಸಪ್ಪಳ ಮುದುಕಂದ ಆಗೇತಲ್ಲೋ.”

“ನಿಮ್ಮ ಹಿಂದನ ಬರಾಕ ಹತ್ತೀನ್ರಿ ದ್ಯಾಮಣ್ಣಾ.”

“ಅವಸರ ಮಾಡಬ್ಯಾಡ. ಅಲ್ಲಿ ನಿನಗ ಪಟ್ಟಿ ಸುತ್ತೂ ಕೆಲಸ ಇರತೈತೋ ಇಲ್ಲೋ, ನಾ ಮೊದಲ ಹೋಗಿ ನೋಡತೀನಿ.”

ಇಬ್ಬರೂ ನಕ್ಕರು. ದ್ಯಾಮಣ್ಣ ಹಣ್ಣಿನ ವಾಸನೆ ನೋಡಿ, “ಕೊಯ್ದು ಕೊಡು” ಎಂದ. ರಾಚಪ್ಪನಿಗೆ ಬೇರೆ ದಾರಿಯಿರಲಿಲ್ಲ. ಒಳಗಿನ ಪಟ್ಟಿ ಸದ್ದಾಗದಂತೆ ಹೆಬ್ಬೆರಳನ್ನು ಅಡ್ಡ ಹಿಡಿದು ನನ್ನನ್ನು ಮೆಲ್ಲನೆ ತೆರೆದ. ಹೋಳು ಮಾಡಿ ಕೊಟ್ಟ. ದ್ಯಾಮಣ್ಣ ಒಂದು ಹೋಳನ್ನು ಬೆರಳಿನಿಂದ ಸವರಿದ.

“ಚಲೋ ಹರಿತ ಐತಿ ಚಾಕು. ತಾ ಇಲ್ಲೆ.”

ರಾಚಪ್ಪ ನನ್ನನ್ನು ಒರೆಸಿ, ಮಡಚಿ, ಹೊರಸಿನ ಅಂಚಿಗೆ ಇಟ್ಟ. ದ್ಯಾಮಣ್ಣನ ಕೈ ತಡಕಾಡಿ ನನ್ನನ್ನು ಕಂಡುಕೊಂಡಿತು. ಅದೇ ಕೈ. ಈಗ ಒಣಗಿದ ಕುಡಿಯಷ್ಟು ಹಗುರ. ಹಿಡಿಯನ್ನು ಸವರಿದ, ಅದು ಹುಣಸೆಯ ಹಿಡಿ. ಅಲಗಿನ ಬುಡವನ್ನು ಸವರಿದ, ಅಲ್ಲಿ ಚುಕ್ಕಿಗಳಿಲ್ಲ. ನಾನೇ, ನಾನೇ ಎಂದು ಕೂಗಬೇಕೆನಿಸಿತು. ಆಗ ಅವನು ನನ್ನನ್ನು ಮಡಿಕೆಯಿಂದ ತೆರೆದ. ‘ಟಕ್’ ಎಂದಿತು.

ಅವನ ಕೈ ಅಲ್ಲಿಯೇ ನಿಂತಿತು.

“ಎಲ್ಲಿ ತಗೊಂಡೆಪಾ ಇದನ್ನ?”

ಇಷ್ಟು ವರ್ಷ ಕಾದಿದ್ದ ಪ್ರಶ್ನೆ ಅದು. ಕೇಳಿದರೆ ಕೊಟ್ಟುಬಿಡುತ್ತೇನೆ ಎಂದವನನ್ನು ಈಗ ದ್ಯಾಮಣ್ಣ ಕೇಳಿದ್ದ.

“ಪ್ಯಾಟ್ಯಾಗ” ಎಂದ ರಾಚಪ್ಪ.

“ಹೂಂ.”

ಹೊರಗೆ ಯಾವುದೋ ಕರು ಕೂಗುತ್ತಿತ್ತು. ದ್ಯಾಮಣ್ಣ ಅಲಗಿನ ಬೆನ್ನನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಸವರಿದ. ಅವನು ಗುರುತು ಹಿಡಿದನೋ ಇಲ್ಲವೋ, ಇಂದಿಗೂ ನನಗೆ ತಿಳಿಯದು. ಆಮೇಲೆ, “ಗುರುಸಿದ್ಧನ ಕೈ ಹೆಂಗೈತಿ? ನಡಗೂದಿಲ್ಲ ಹೌದಲ್ಲೋ?” ಎಂದ.

“ಇಲ್ರಿ. ಸ್ಥಿರ ಐತಿ.”

“ಅಷ್ಟು ಸಾಕು.”

ನನ್ನನ್ನು ಮಡಚಿ, ಬಾಗಿ, ನೆಲದ ಮೇಲಿಟ್ಟ. “ತಗೋ ರಾಚ್ಯಾ” ಎಂದ. ರಾಚಪ್ಪ ಎತ್ತಿಕೊಂಡ. ಅದಾದ ಮೇಲೆ ದ್ಯಾಮಣ್ಣ ಹೆಚ್ಚು ದಿನ ಇರಲಿಲ್ಲ.

ಗುರುಸಿದ್ಧ ಮಣ್ಣಿಗೆ ಬಂದ. ಎಲ್ಲರೂ ಹಿಡಿಮಣ್ಣು ಹಾಕಿ ಸರಿದ ಮೇಲೂ ಕುಣಿಯ ಅಂಚಿನಲ್ಲಿ ನಿಂತೇ ಇದ್ದ. ಹಳ್ಳದಲ್ಲಿ ಕೈಕಾಲು ತೊಳೆಯುವಾಗ ರಾಚಪ್ಪನ ಪಕ್ಕಕ್ಕೆ ಬಂದು ಕೂತ. ನಾನು ಕಿಸೆಯಲ್ಲಿದ್ದೆ; ಇಬ್ಬರ ನಡುವೆ ಒಂದು ಬಟ್ಟೆಯಷ್ಟೇ ಅಂತರ.

“ಕಡೀಕ ನೀ ಅವನ್ನ ನೋಡಿ ಬಂದಿದ್ದೀ. ಅಪ್ಪನ ಚಾಕು ಯಾರಿಗೆ ಕೊಟ್ಟ ಅಂವ? ಏನರ ಅಂದ?”

“ನನಗ ಗೊತ್ತಿಲ್ಲ ಗುರುಸಿದ್ಧಣ್ಣಾ.”

“ಹೋಗ್ಲಿ ಬಿಡು. ಚಾಕು ಯಾರಿಗೆ ಬೇಕಾಗೇತಿ, ಪ್ಯಾಟ್ಯಾಗ ಬೇಕಾದಷ್ಟು ಸಿಗತಾವು. ನನ್ನ ಕೈ ಮ್ಯಾಲ ಅವಗ ನಂಬಿಕಿ ಇತ್ತೋ ಇಲ್ಲೋ, ಅಷ್ಟು ಗೊತ್ತಾಗಿದ್ರ ಸಾಕಾಗಿತ್ತು.” ನೀರನ್ನು ಮುಖಕ್ಕೆ ಎರಚಿಕೊಂಡ. ಎರಡು ಸಲ, ಮೂರು ಸಲ. ಮುಖ ಒದ್ದೆಯಾದ ಮೇಲೂ ಎರಚಿಕೊಳ್ಳುತ್ತಲೇ ಇದ್ದ.

ರಾಚಪ್ಪನ ಎದೆ ನನ್ನನ್ನು ಒಳಗಿನಿಂದ ಗುದ್ದುತ್ತಿತ್ತು. ತುಟಿಗಳು ಅಲುಗಿದವು. ಸದ್ದು ಹೊರಡಲಿಲ್ಲ. ಆ ಸಲ ನನಗೂ ಕೇಳಿಸಲಿಲ್ಲ.

ಈಗ ನಾನು ರಾಚಪ್ಪನ ಮನೆಯ ಗೋಡೆಯ ಮಾಡದಲ್ಲಿದ್ದೇನೆ. ಮಸೆದು ಮಸೆದು ಅಲಗು ಬೇವಿನೆಲೆಯಷ್ಟು ಸಣ್ಣಗಾಗಿದೆ. ಒಳಗಿನ ಪಟ್ಟಿ ಸೋತಿದೆ, ತೆರೆದರೆ ಸದ್ದಿಲ್ಲ. ಮಡಚಿದಂತೆ ಮಲಗಿರುವಾಗ ಯೋಚನೆಗಳು ಬರುತ್ತವೆ. ನಾನು ಸೀಳಿದ ಸಸಿಗಳಿಗೆ ಲೆಕ್ಕವಿಲ್ಲ. ಆದರೆ ಸೀಳಿದ್ದು ಯಾವುದೂ ಸೀಳಿಯೇ ಉಳಿಯಲಿ ಎಂದಲ್ಲ. ಹಿಂದಿನಿಂದ ಒಂದು ಕೈ ಬಂದು ಪಟ್ಟಿ ಸುತ್ತುತ್ತದೆ ಎಂಬ ಭರವಸೆಯ ಮೇಲೆ ಸೀಳಿದ್ದು. ಕೊಯ್ಯುವವರು ಎಲ್ಲ ಕಡೆ ಸಿಗುತ್ತಾರೆ. ರಾಚಪ್ಪನಷ್ಟು ಚೆನ್ನಾಗಿ ಕಟ್ಟುವವನನ್ನು ನಾನು ಬೇರೆ ಕಂಡಿಲ್ಲ. ಅವನು ಕಟ್ಟದೆ ಬಿಟ್ಟದ್ದು ಒಂದೇ.

ಗುರುಸಿದ್ಧ ಈಗ ಮುದುಕ. ಸಂಜೆಯಾದರೆ ಕೋಲೂರಿಕೊಂಡು ಬಂದು ರಾಚಪ್ಪನ ಕಟ್ಟೆಯ ಮೇಲೆ ಕೂರುತ್ತಾನೆ. ನಿಂಬೆವ್ವ ಇಬ್ಬರಿಗೂ ಚಹ ತಂದಿಟ್ಟು, ಗಂಡನ ಮುಖವನ್ನು ಒಮ್ಮೆ ನೋಡಿ ಒಳಗೆ ಹೋಗುತ್ತಾಳೆ. ಇಬ್ಬರೂ ಮಳೆಯ ಮಾತಾಡುತ್ತಾರೆ, ಮಂಡಿನೋವಿನ ಮಾತಾಡುತ್ತಾರೆ, ಸತ್ತವರ ಮಾತಾಡುತ್ತಾರೆ. ದ್ಯಾಮಣ್ಣನ ಹೆಸರು ಬಂದಾಗ ಗುರುಸಿದ್ಧ ಕೋಲಿನ ತುದಿಯಿಂದ ನೆಲ ಕೆರೆಯುತ್ತಾನೆ. ರಾಚಪ್ಪ ಬರಿದಾದ ಎದೆಕಿಸೆಯನ್ನು ಮುಟ್ಟಿಕೊಳ್ಳುತ್ತಾನೆ.

ನಿನ್ನಣ್ಣ ಆ ಚಾಕುವನ್ನು ನಿನಗೇ ಕೊಟ್ಟಿದ್ದ, ಹಿಂದಕ್ಕೆ ತೆಗೆದುಕೊಂಡಿರಲಿಲ್ಲ ಎಂದು ರಾಚಪ್ಪ ಅವನಿಗೆ ಹೇಳಲೇ ಇಲ್ಲ.